‘ನೀವು ಬಯಸಿದಂತೆ ಬದುಕಲು’: ಹೃದಯ ವೈಫಲ್ಯ ಮತ್ತು ಜೀವನ ಗುಣಮಟ್ಟದ ಅಳತೆ

ನಮ್ಮ ಆಡುಮಾತಿನಲ್ಲಿ ‘ಹಾರ್ಟ್ ಫೇಲ್ ಆಯಿತು’ ಎಂದರೆ ಆ ಮನುಷ್ಯ ತೀರಿಕೊಂಡನೆಂದೇ ಅರ್ಥ. ‘ನಿಮಗೆ ಹಾರ್ಟ್ ಫೇಲ್ಯೂರ್ ಇದೆ’ ಎಂದು ವೈದ್ಯರು ಹೇಳಿದ ಕೂಡಲೇ ಎದುರಿಗೆ ಕುಳಿತವರ ಮುಖ ಬಿಳಿಚಿಕೊಳ್ಳುವುದು ಈ ಕಾರಣಕ್ಕೇ. ಆದ್ದರಿಂದ ವಿಷಯಕ್ಕೆ ಹೋಗುವ ಮುನ್ನ ಈ ಪದವನ್ನು ಸರಿಪಡಿಸಿಕೊಳ್ಳೋಣ. ಹೃದಯ ಇದ್ದಕ್ಕಿದ್ದಂತೆ ನಿಂತುಹೋದರೆ ಅದು ಹೃದಯ ಸ್ತಂಭನ. ರಕ್ತನಾಳ ಕಟ್ಟಿಕೊಂಡು ಹೃದಯದ ಸ್ನಾಯು ಸಾಯತೊಡಗಿದರೆ ಅದು ಹೃದಯಾಘಾತ. ಹೃದಯ ವೈಫಲ್ಯ ಇವೆರಡೂ ಅಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ತಳ್ಳಲಾರದೆ ಹೋಗುವ, ಅಥವಾ ತನ್ನೊಳಗಿನ ಒತ್ತಡವನ್ನು ಏರಿಸಿಕೊಂಡರೆ ಮಾತ್ರ ತಳ್ಳಬಲ್ಲ ಸ್ಥಿತಿ ಅದು. ಅದರ ಪರಿಣಾಮವಾಗಿ ಶ್ವಾಸಕೋಶದಲ್ಲಿ, ಕಾಲುಗಳಲ್ಲಿ, ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ, ಉಸಿರು ಸಾಲದಾಗುತ್ತದೆ, ಯಾವ ಕೆಲಸಕ್ಕೂ ಮೈ ಏಳುವುದಿಲ್ಲ. ಜಗತ್ತಿನಲ್ಲಿ ಸುಮಾರು 6.4 ಕೋಟಿ ಜನ ಈ ಸ್ಥಿತಿಯಲ್ಲಿ ಬದುಕುತ್ತಿದ್ದಾರೆಂಬ ಅಂದಾಜಿದೆ. ‘ಬದುಕುತ್ತಿದ್ದಾರೆ’ ಎಂಬ ಪದವನ್ನು ನಾನು ಬೇಕೆಂದೇ ಬಳಸುತ್ತಿದ್ದೇನೆ, ಏಕೆಂದರೆ ಅವರಲ್ಲಿ ಬಹುಪಾಲು ಜನರಿಗೆ ಈ ಕಾಯಿಲೆ ಒಂದು ದಿನದ ಘಟನೆಯಲ್ಲ, ವರ್ಷಗಟ್ಟಲೆಯ ಬಾಳು. ಆ ಬಾಳು ಹೇಗಿದೆ ಎಂಬುದನ್ನು ಅಳೆಯಬಹುದೇ, ಅಳೆಯುವುದಾದರೆ ಯಾರ ಮಾತನ್ನು ನಂಬಿ ಅಳೆಯಬೇಕು ಎಂಬುದೇ ಇಂದಿನ ಉಪನ್ಯಾಸದ ವಿಷಯ.

ಇಬ್ಬರು ರೋಗಿಗಳನ್ನು ಮನಸ್ಸಿಗೆ ತಂದುಕೊಳ್ಳಿ. ಇಬ್ಬರ ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯಲ್ಲೂ ಎಜೆಕ್ಷನ್ ಫ್ರ್ಯಾಕ್ಷನ್ ಶೇಕಡಾ 30 ಎಂದೇ ಇದೆ. ಅಂದರೆ ಎಡ ಹೃತ್ಕುಕ್ಷಿ ತುಂಬಿಕೊಂಡ ರಕ್ತದಲ್ಲಿ ಪ್ರತಿ ಬಡಿತಕ್ಕೂ ಶೇಕಡಾ 30ರಷ್ಟನ್ನು ಮಾತ್ರ ಹೊರಗೆ ತಳ್ಳುತ್ತಿದೆ. ಒಬ್ಬರು ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಿ ಸಂಜೆ ಮರಳುತ್ತಾರೆ. ಇನ್ನೊಬ್ಬರಿಗೆ ಬಗ್ಗಿ ಚಪ್ಪಲಿಯ ಪಟ್ಟಿ ಕಟ್ಟಿಕೊಂಡು ಮೇಲೇಳುವಷ್ಟರಲ್ಲಿ ಏದುಸಿರು. ಎಕೋ ಯಂತ್ರಕ್ಕೆ ಇವರಿಬ್ಬರ ನಡುವೆ ವ್ಯತ್ಯಾಸ ಕಾಣುವುದಿಲ್ಲ. ಇದು ಅಪರೂಪದ ಸಂಗತಿಯೂ ಅಲ್ಲ. ಎಜೆಕ್ಷನ್ ಫ್ರ್ಯಾಕ್ಷನ್‌ಗೂ ರೋಗಿ ತನ್ನ ದಿನಗಳನ್ನು ಹೇಗೆ ಕಳೆಯುತ್ತಾನೆಂಬುದಕ್ಕೂ ಇರುವ ನಂಟು ಬಹಳ ಸಡಿಲವಾದುದು ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಸ್ನಾಯುಗಳ ಶಕ್ತಿ, ರಕ್ತಹೀನತೆ, ಕಬ್ಬಿಣಾಂಶದ ಕೊರತೆ, ನಿದ್ರೆ, ಖಿನ್ನತೆ, ಮನೆಯಲ್ಲಿ ಸಿಗುವ ಆಸರೆ, ಇವೆಲ್ಲ ಸೇರಿ ಆ ದಿನಗಳನ್ನು ರೂಪಿಸುತ್ತವೆ. ಹೃದಯದ ಬಡಿತ ಅವುಗಳಲ್ಲಿ ಒಂದು ಮಾತ್ರ.

ವೈದ್ಯರು ಈ ಅಂತರವನ್ನು ಗಮನಿಸಿರಲಿಲ್ಲವೆಂದಲ್ಲ. ನ್ಯೂಯಾರ್ಕ್ ಹಾರ್ಟ್ ಅಸೋಸಿಯೇಷನ್ 1928ರಲ್ಲಿಯೇ ಒಂದು ವರ್ಗೀಕರಣವನ್ನು ಮುಂದಿಟ್ಟಿತು. ಹಲವು ಬಾರಿ ಪರಿಷ್ಕರಣೆಗೊಂಡ ಅದೇ ವರ್ಗೀಕರಣ ಇಂದಿಗೂ ಪ್ರತಿ ಹೃದ್ರೋಗ ವಿಭಾಗದಲ್ಲೂ ಬಳಕೆಯಲ್ಲಿದೆ. ಸಾಮಾನ್ಯ ಚಟುವಟಿಕೆಯಿಂದ ಯಾವ ತೊಂದರೆಯೂ ಆಗದವರು ಒಂದನೆಯ ವರ್ಗ, ಸಾಮಾನ್ಯ ಚಟುವಟಿಕೆಗೇ ದಣಿಯುವವರು ಎರಡನೆಯದು, ಅದಕ್ಕಿಂತ ಕಡಿಮೆ ಚಟುವಟಿಕೆಗೂ ದಣಿಯುವವರು ಮೂರನೆಯದು, ಸುಮ್ಮನೆ ಕುಳಿತಿದ್ದಾಗಲೂ ತೊಂದರೆ ಇರುವವರು ನಾಲ್ಕನೆಯದು. ಸರಳವಾದ, ಉಪಯುಕ್ತವಾದ ವಿಂಗಡಣೆ ಇದು. ಔಷಧ ಪ್ರಯೋಗಗಳಿಗೆ ರೋಗಿಗಳನ್ನು ಆರಿಸುವುದೂ, ಯಾರಿಗೆ ಯಾವ ಉಪಕರಣ ಅಳವಡಿಸಬೇಕೆಂದು ತೀರ್ಮಾನಿಸುವುದೂ ಇದನ್ನು ಆಧರಿಸಿಯೇ ನಡೆಯುತ್ತವೆ. ಆದರೆ ಈ ವರ್ಗವನ್ನು ನಿರ್ಧರಿಸುವವರು ರೋಗಿಯಲ್ಲ, ವೈದ್ಯರು. ‘ಸಾಮಾನ್ಯ ಚಟುವಟಿಕೆ’ ಎಂದರೆ ಯಾರಿಗೆ ಸಾಮಾನ್ಯವಾದುದು ಎಂಬ ಪ್ರಶ್ನೆಗೆ ವರ್ಗೀಕರಣ ಉತ್ತರಿಸುವುದಿಲ್ಲ. 1981ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಬ್ಬರು ವೈದ್ಯರು ಒಬ್ಬನೇ ರೋಗಿಯನ್ನು ಬೇರೆ ಬೇರೆಯಾಗಿ ವಿಚಾರಿಸಿ ವರ್ಗ ನಿರ್ಧರಿಸಿದಾಗ, ಇಬ್ಬರ ತೀರ್ಮಾನವೂ ಒಂದೇ ಆದದ್ದು ಶೇಕಡಾ 56ರಷ್ಟು ಸಲ ಮಾತ್ರ. ಇದರಲ್ಲಿ ವೈದ್ಯರ ಅಜಾಗರೂಕತೆಗಿಂತ ವಿಧಾನದ ಮಿತಿಯೇ ದೊಡ್ಡದೆಂದು ನಾನು ಭಾವಿಸುತ್ತೇನೆ. ಐದು ನಿಮಿಷದ ಮಾತುಕತೆಯಲ್ಲಿ ಒಬ್ಬರ ಇಡೀ ತಿಂಗಳನ್ನು ಕೇಳಿ ತಿಳಿದು ನಾಲ್ಕೇ ಖಾನೆಗಳಲ್ಲಿ ಒಂದಕ್ಕೆ ಹಾಕುವ ಕೆಲಸದಲ್ಲಿ ಇಷ್ಟು ತಪ್ಪುವುದು ಸಹಜ.

ಹಾಗಾದರೆ ರೋಗಿಯನ್ನೇ ಕೇಳಬೇಕು. ಕೇಳುವುದು ಏನನ್ನು? ‘ಜೀವನ ಗುಣಮಟ್ಟ’ ಎಂಬುದು ಬಹಳ ಅಗಲವಾದ ಪದ. ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ವಿವರಣೆಯ ತಿರುಳು ಇಷ್ಟು: ತಾನು ಬದುಕುತ್ತಿರುವ ಸಂಸ್ಕೃತಿ ಮತ್ತು ಮೌಲ್ಯಗಳ ನಡುವೆ, ತನ್ನ ಗುರಿ, ನಿರೀಕ್ಷೆ, ಕಾಳಜಿಗಳನ್ನು ಮುಂದಿಟ್ಟುಕೊಂಡು, ತನ್ನ ಬಾಳು ಎಲ್ಲಿ ನಿಂತಿದೆಯೆಂದು ವ್ಯಕ್ತಿಯೊಬ್ಬ ತಾನೇ ಕಂಡುಕೊಳ್ಳುವ ಪರಿಯೇ ಜೀವನ ಗುಣಮಟ್ಟ. ಇದರಲ್ಲಿ ಮನೆ, ಸಂಪಾದನೆ, ಸ್ವಾತಂತ್ರ್ಯ, ನಂಬಿಕೆ ಎಲ್ಲವೂ ಅಡಕವಾಗಿವೆ. ವೈದ್ಯಕೀಯ ಇಷ್ಟನ್ನೂ ಹೊತ್ತುಕೊಳ್ಳಲಾರದು. ಹಾಗಾಗಿ ಕಾಯಿಲೆ ಮತ್ತು ಚಿಕಿತ್ಸೆ ಆ ಬಾಳಿನ ಮೇಲೆ ಎಷ್ಟರಮಟ್ಟಿಗೆ ಕೈಯಿಟ್ಟಿವೆ ಎಂಬಷ್ಟನ್ನೇ ಬೇರ್ಪಡಿಸಿ, ‘ಆರೋಗ್ಯ ಸಂಬಂಧಿ ಜೀವನ ಗುಣಮಟ್ಟ’ ಎಂದು ಕರೆದು, ಅದನ್ನು ಅಳೆಯಲು ಹೊರಡುತ್ತದೆ.

ಈ ಅಳತೆಗೋಲುಗಳಲ್ಲಿ ಎರಡು ಬಗೆ. ಯಾವ ಕಾಯಿಲೆಯವರಿಗೂ, ಆರೋಗ್ಯವಂತರಿಗೂ ಕೊಡಬಹುದಾದ ಸಾಮಾನ್ಯ ಪ್ರಶ್ನಾವಳಿಗಳು ಒಂದು ಬಗೆ. 36 ಪ್ರಶ್ನೆಗಳ ಎಸ್‌ಎಫ್-36 ಅಂಥದು. ಓಡಾಟ, ಸ್ವಂತ ಆರೈಕೆ, ದಿನನಿತ್ಯದ ಕೆಲಸ, ನೋವು, ಆತಂಕ ಎಂಬ ಐದೇ ಸಂಗತಿಗಳನ್ನು ಕೇಳುವ ಇಕ್ಯೂ-5ಡಿ ಇನ್ನೊಂದು. ಹೃದಯ ವೈಫಲ್ಯದವರ ಬಾಳನ್ನು ಸಂಧಿವಾತದವರ ಅಥವಾ ಕ್ಯಾನ್ಸರ್ ರೋಗಿಗಳ ಬಾಳಿನೊಂದಿಗೆ ಹೋಲಿಸಬೇಕಾದಾಗ, ಒಂದು ಚಿಕಿತ್ಸೆಗೆ ಹಣ ಹೂಡಬೇಕೇ ಎಂದು ಲೆಕ್ಕ ಹಾಕಬೇಕಾದಾಗ ಇವು ಬೇಕೇ ಬೇಕು. ಆದರೆ ಮಲಗಿದರೆ ಉಸಿರು ಕಟ್ಟುತ್ತದೆಯೇ ಎಂದು ಇವು ಕೇಳುವುದಿಲ್ಲ. ಆ ಪ್ರಶ್ನೆ ಕೇಳಲು ಇದೇ ಕಾಯಿಲೆಗೆಂದು ರೂಪಿಸಿದ ಪ್ರಶ್ನಾವಳಿ ಬೇಕು.

ಅಂಥವುಗಳಲ್ಲಿ ಮೊದಲು ಹೆಸರಾದದ್ದು ಮಿನೆಸೋಟ ಪ್ರಶ್ನಾವಳಿ. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಥಾಮಸ್ ರೆಕ್ಟರ್, ಜೇ ಕೋನ್ ಮತ್ತು ಜೊತೆಗಾರರು 1980ರ ದಶಕದಲ್ಲಿ ಇದನ್ನು ರೂಪಿಸಿದರು. ಇದರಲ್ಲಿ 21 ಪ್ರಶ್ನೆಗಳಿವೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ, ಒಟ್ಟು 105. ಅಂಕ ಹೆಚ್ಚಿದಷ್ಟೂ ಬಾಳು ಕಷ್ಟವೆಂದು ಅರ್ಥ. ನನಗೆ ಇದರಲ್ಲಿ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಎಲ್ಲ ಪ್ರಶ್ನೆಗಳಿಗೂ ಪೀಠಿಕೆಯಾಗಿ ನಿಂತಿರುವ ಒಂದೇ ವಾಕ್ಯ: ಕಳೆದೊಂದು ತಿಂಗಳಲ್ಲಿ ನೀವು ಬಯಸಿದಂತೆ ಬದುಕಲು ನಿಮ್ಮ ಹೃದಯ ವೈಫಲ್ಯ ಅಡ್ಡಿಯಾಯಿತೇ? ಮೆಟ್ಟಿಲು ಹತ್ತುವುದು, ನಿದ್ರೆ, ದುಡಿಮೆ, ಇಷ್ಟದ ಊಟ, ಆಸ್ಪತ್ರೆವಾಸ, ಔಷಧಿಯ ಖರ್ಚು, ಔಷಧಿಯ ಅಡ್ಡ ಪರಿಣಾಮ, ಮನೆಯವರಿಗೆ ತಾನು ಹೊರೆಯಾದೆನೆಂಬ ಕೊರಗು, ಇವೆಲ್ಲ ಆ ವಾಕ್ಯಕ್ಕೆ ಜೋಡಣೆಯಾಗಿ ಬರುತ್ತವೆ. ಎಷ್ಟು ಮೆಟ್ಟಿಲು ಹತ್ತಿದಿರಿ ಎಂಬುದಲ್ಲ ಇಲ್ಲಿಯ ಪ್ರಶ್ನೆ. ಹತ್ತಲಾರದಿರುವುದು ನಿಮ್ಮ ಇಷ್ಟದ ಬದುಕಿಗೆ ಅಡ್ಡಿಯಾಯಿತೇ ಎಂಬುದು. ಅಳತೆಯ ಮಾನದಂಡವನ್ನು ರೋಗಿಯ ಕೈಗೇ ಕೊಟ್ಟ ವಾಕ್ಯ ಅದು.

2000ದಲ್ಲಿ ಪ್ರಕಟವಾದ ಕ್ಯಾನ್ಸಾಸ್ ಸಿಟಿ ಕಾರ್ಡಿಯೋಮಯೋಪತಿ ಪ್ರಶ್ನಾವಳಿ ಇಂದು ಹೆಚ್ಚು ಬಳಕೆಯಲ್ಲಿದೆ. ಜಾನ್ ಸ್ಪರ್ಟಸ್ ಮತ್ತು ಜೊತೆಗಾರರು ರೂಪಿಸಿದ ಇದರಲ್ಲಿ 23 ಪ್ರಶ್ನೆಗಳು, ನೆನಪಿಸಿಕೊಳ್ಳಬೇಕಾದ ಅವಧಿ ಎರಡು ವಾರ, ಅಂಕಗಳ ಅಳತೆ ಸೊನ್ನೆಯಿಂದ 100. ಇಲ್ಲಿ ದಿಕ್ಕು ತಿರುಗುಮುರುಗು: ಅಂಕ ಹೆಚ್ಚಾದಷ್ಟೂ ಸ್ಥಿತಿ ಉತ್ತಮ. (ಎರಡೂ ಪ್ರಶ್ನಾವಳಿಗಳ ಫಲಿತಾಂಶಗಳನ್ನು ಒಟ್ಟಿಗೆ ಓದುವ ವಿದ್ಯಾರ್ಥಿಗಳು ಮೊದಲು ಎಡವುವುದು ಇಲ್ಲಿಯೇ.) ಬಟ್ಟೆ ತೊಡುವುದು, ಸ್ನಾನ ಮಾಡುವುದು, ಸಮತಟ್ಟಾದ ನೆಲದ ಮೇಲೆ ನಡೆಯುವುದು, ನಿಲ್ಲದೆ ಒಂದು ಮಹಡಿ ಹತ್ತುವುದು, ಇವುಗಳಲ್ಲಿ ಎಷ್ಟು ಅಡಚಣೆಯಿದೆ, ಕಾಲು ಎಷ್ಟು ದಿನ ಬಾತಿತ್ತು ಮತ್ತು ಆ ಬಾವು ಎಷ್ಟು ಕಾಡಿತು, ಉಸಿರು ಕಟ್ಟುವುದರಿಂದ ಕುರ್ಚಿಯಲ್ಲಿ ಕುಳಿತೋ ಮೂರು ದಿಂಬುಗಳನ್ನು ಒಟ್ಟಿಕೊಂಡೋ ಮಲಗಬೇಕಾದ ರಾತ್ರಿಗಳೆಷ್ಟು, ಹೀಗೆ ಸಾಗುತ್ತವೆ ಪ್ರಶ್ನೆಗಳು. ಲಕ್ಷಣ ಎಷ್ಟು ಸಲ ಬಂತು ಎಂಬುದನ್ನೂ ಬಂದದ್ದು ಎಷ್ಟು ಬಾಧಿಸಿತು ಎಂಬುದನ್ನೂ ಬೇರೆ ಬೇರೆಯಾಗಿ ಕೇಳುವುದು ಇದರ ಹೆಚ್ಚುಗಾರಿಕೆ. ಕಾಯಿಲೆ ಉಲ್ಬಣಿಸಿದರೆ ಏನು ಮಾಡಬೇಕೆಂಬುದು ನಿಮಗೆ ಗೊತ್ತಿದೆಯೇ ಎಂದೂ ಅದು ಕೇಳುತ್ತದೆ. ಉಳಿದ ಆಯುಷ್ಯವನ್ನೆಲ್ಲ ಈಗಿನ ಸ್ಥಿತಿಯಲ್ಲಿಯೇ ಕಳೆಯಬೇಕಾಗಿ ಬಂದರೆ ನಿಮಗೆ ಹೇಗನ್ನಿಸುತ್ತದೆ ಎಂದೂ ಕೇಳುತ್ತದೆ. 2015ರಲ್ಲಿ ಇದರ 12 ಪ್ರಶ್ನೆಗಳ ಸಂಕ್ಷಿಪ್ತ ರೂಪ ಬಂತು. 2020ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಔಷಧಿಗಳ ಪರಿಣಾಮವನ್ನು ಅಳೆಯಲು ಈ ಪ್ರಶ್ನಾವಳಿ ಅರ್ಹವೆಂದು ಮಾನ್ಯ ಮಾಡಿತು. ರೋಗಿಯ ಮಾತೂ ಪ್ರಯೋಗಾಲಯದ ವರದಿಯಂತೆಯೇ ಸಾಕ್ಷ್ಯವಾಗಬಲ್ಲದೆಂಬುದಕ್ಕೆ ಸಿಕ್ಕ ಅಧಿಕೃತ ಮನ್ನಣೆ ಅದು.

ಆದರೆ ಸಾಕ್ಷ್ಯವಾಗಬೇಕಾದರೆ ಸಾಕ್ಷಿಯ ಪರೀಕ್ಷೆಯೂ ನಡೆಯಬೇಕಲ್ಲವೇ? ಪ್ರಶ್ನಾವಳಿಯನ್ನು ಮೂರು ರೀತಿಯಲ್ಲಿ ಪರೀಕ್ಷಿಸುತ್ತಾರೆ. ಸ್ಥಿತಿ ಬದಲಾಗದ ರೋಗಿಗೆ ಕೆಲವು ದಿನಗಳ ಅಂತರದಲ್ಲಿ ಎರಡು ಸಲ ಕೊಟ್ಟರೆ ಅಂಕವೂ ಬದಲಾಗಬಾರದು, ಇದು ವಿಶ್ವಾಸಾರ್ಹತೆ. ಅಳೆಯುತ್ತೇನೆಂದು ಹೇಳಿಕೊಂಡದ್ದನ್ನೇ ಅದು ಅಳೆಯಬೇಕು, ಅಂದರೆ ಆರು ನಿಮಿಷದಲ್ಲಿ ಎಷ್ಟು ದೂರ ನಡೆದರು ಎಂಬಂಥ ಬೇರೆ ಅಳತೆಗಳೊಂದಿಗೆ ತಕ್ಕಮಟ್ಟಿಗೆ ಹೊಂದಿಕೆಯಾಗಬೇಕು, ಇದು ಸಿಂಧುತ್ವ. ರೋಗಿ ನಿಜವಾಗಿ ಚೇತರಿಸಿಕೊಂಡಾಗ ಅಂಕವೂ ಏರಬೇಕು, ಇದು ಸ್ಪಂದನಶೀಲತೆ. ಸಾಮಾನ್ಯ ಪ್ರಶ್ನಾವಳಿಗಳು ಹೃದಯ ವೈಫಲ್ಯದವರಲ್ಲಿ ಹೆಚ್ಚಾಗಿ ಹಿಂದೆ ಬೀಳುವುದು ಈ ಮೂರನೆಯದರಲ್ಲಿ. ಅಂಕಕ್ಕೂ ಮುಂದಿನ ದಿನಗಳಿಗೂ ನಂಟಿದೆಯೇ ಎಂಬ ಪರೀಕ್ಷೆಯೂ ನಡೆದಿದೆ. 40 ದೇಶಗಳ ಸುಮಾರು 23,000 ರೋಗಿಗಳನ್ನು ಒಳಗೊಂಡು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಯಾನ್ಸಾಸ್ ಪ್ರಶ್ನಾವಳಿಯ ಸಂಕ್ಷಿಪ್ತ ರೂಪದಲ್ಲಿ ಕಡಿಮೆ ಅಂಕ ಪಡೆದವರಿಗೆ ಸಾವಿನ ಮತ್ತು ಆಸ್ಪತ್ರೆ ಸೇರುವ ಅಪಾಯ ಹೆಚ್ಚಾಗಿತ್ತು. ರೋಗಿ ‘ಯಾಕೋ ಚೆನ್ನಾಗಿಲ್ಲ’ ಎಂದಾಗ ಅದನ್ನು ಮನಸ್ಸಿನ ಅಳುಕೆಂದು ತಳ್ಳಿಹಾಕುವವರು ಈ ಫಲಿತಾಂಶವನ್ನು ಗಮನಿಸಬೇಕೆಂದು ನನ್ನ ಕಳಕಳಿಯ ಕೋರಿಕೆ.

ಇನ್ನು ಭಾಷೆಯ ವಿಚಾರ. ಒಂದು ಭಾಷೆಯಲ್ಲಿ ರೂಪುಗೊಂಡ ಪ್ರಶ್ನೆಯನ್ನು ಇನ್ನೊಂದಕ್ಕೆ ತರುವಾಗ ಇಬ್ಬರು ಬೇರೆ ಬೇರೆಯಾಗಿ ಅನುವಾದಿಸುತ್ತಾರೆ, ಎರಡನ್ನೂ ಕೂಡಿಸಿ ಒಂದು ಪಾಠ ಸಿದ್ಧಪಡಿಸುತ್ತಾರೆ, ಮೂಲವನ್ನು ನೋಡದ ಮತ್ತೊಬ್ಬರು ಅದನ್ನು ಮರಳಿ ಮೂಲ ಭಾಷೆಗೆ ತರುತ್ತಾರೆ, ಆಮೇಲೆ ಕೆಲವು ರೋಗಿಗಳೊಂದಿಗೆ ಕುಳಿತು ‘ಈ ಪ್ರಶ್ನೆಯಿಂದ ನಿಮಗೇನು ಅರ್ಥವಾಯಿತು?’ ಎಂದು ವಿಚಾರಿಸುತ್ತಾರೆ. ಈ ಕೊನೆಯ ಹಂತವನ್ನು ಅವಸರದಲ್ಲಿ ಮುಗಿಸುವುದುಂಟು. ಆದರೆ ಎಲ್ಲಕ್ಕಿಂತ ಮುಖ್ಯವಾದುದು ಅದೇ. ಕನ್ನಡದಲ್ಲಿಯೇ ನೋಡಿ: ಸುಸ್ತು, ಆಯಾಸ, ದಣಿವು, ಬಳಲಿಕೆ, ನಿಶ್ಶಕ್ತಿ, ಇವೆಲ್ಲ ಒಂದೇ ಅಲ್ಲ. ದಣಿವು ದುಡಿದ ಮೇಲೆ ಬರುವಂಥದು, ಕುಳಿತು ಸುಧಾರಿಸಿಕೊಂಡರೆ ಹೋಗುವಂಥದು. ಹೃದಯ ವೈಫಲ್ಯದ ಸುಸ್ತು ರಾತ್ರಿಯೆಲ್ಲ ಮಲಗಿ ಎದ್ದರೂ ಹೋಗದು. ‘ನಿಮಗೆ ದಣಿವಾಗುತ್ತದೆಯೇ?’ ಎಂದು ಕೇಳಿದರೆ, ಕೆಲಸವನ್ನೇ ಬಿಟ್ಟು ಕುಳಿತ ವ್ಯಕ್ತಿ ‘ಇಲ್ಲ, ನಾನೇನು ಮಾಡುತ್ತೇನೆಂದು ದಣಿಯಲಿ?’ ಎಂದಾರು, ‘ಸುಸ್ತಾಗುತ್ತದೆಯೇ?’ ಎಂದರೆ ಅದೇ ವ್ಯಕ್ತಿ ‘ಯಾವಾಗಲೂ’ ಎಂದಾರು. ಉಸಿರಿನ ವಿಷಯವೂ ಹಾಗೆಯೇ: ಏದುಸಿರು, ಉಬ್ಬಸ, ದಮ್ಮು ಎಂಬ ಮೂರು ಪದಗಳಲ್ಲಿ ಕೊನೆಯ ಎರಡನ್ನು ಕೇಳಿದೊಡನೆ ಹಲವರಿಗೆ ಆಸ್ತಮಾ ನೆನಪಾಗಿ, ‘ನನಗೆ ಆ ಕಾಯಿಲೆ ಇಲ್ಲ’ ಎಂದುಬಿಡುತ್ತಾರೆ. ಪದವೊಂದರ ಆಯ್ಕೆಯಿಂದ ಅಂಕ ಬದಲಾಗುವುದಾದರೆ, ಬದಲಾದದ್ದು ರೋಗಿಯ ಸ್ಥಿತಿಯಲ್ಲ, ನಮ್ಮ ಅಳತೆಗೋಲು.

ಇದಕ್ಕಿಂತ ಆಳವಾದ ತೊಡಕೊಂದಿದೆ. ಅನುವಾದ ಎಷ್ಟೇ ಚೆನ್ನಾಗಿದ್ದರೂ ಅದು ಪರಿಹಾರವಾಗದು. ಕಾಯಿಲೆ ಮೆಲ್ಲಮೆಲ್ಲಗೆ ಏರುವಾಗ ಮನುಷ್ಯ ಅದಕ್ಕೆ ತಕ್ಕಂತೆ ತನ್ನ ಬಾಳನ್ನು ಕುಗ್ಗಿಸಿಕೊಳ್ಳುತ್ತಾನೆ. ಮೊದಲು ಸಂಜೆಯ ನಡಿಗೆ ನಿಲ್ಲುತ್ತದೆ. ಆಮೇಲೆ ಮಹಡಿಯ ಕೋಣೆಯಿಂದ ಹಾಸಿಗೆ ಕೆಳಗಿಳಿಯುತ್ತದೆ. ನೀರಿಳಿಸುವ ಗುಳಿಗೆ ನುಂಗಿದ ದಿನ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದರಿಂದ ಪ್ರಯಾಣ ನಿಲ್ಲುತ್ತದೆ, ಬಳಿಕ ಬಂಧುಗಳ ಮನೆಗೆ ಹೋಗುವುದೂ ನಿಲ್ಲುತ್ತದೆ. ಹೀಗೆ ಎಲ್ಲವನ್ನೂ ಬಿಟ್ಟ ಮೇಲೆ ‘ಉಸಿರು ಕಟ್ಟುತ್ತದೆಯೇ?’ ಎಂದು ಕೇಳಿದರೆ, ‘ಈಗ ಪರವಾಗಿಲ್ಲ, ಆರಾಮಾಗಿದ್ದೇನೆ’ ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ. ಮೆಟ್ಟಿಲು ಹತ್ತದವರಿಗೆ ಮೆಟ್ಟಿಲಿನ ಏದುಸಿರು ಬರುವುದೆಲ್ಲಿಂದ? ಕ್ಯಾನ್ಸಾಸ್ ಪ್ರಶ್ನಾವಳಿಯಲ್ಲಿ ಚಟುವಟಿಕೆಗಳ ಮುಂದೆ ‘ಬೇರೆ ಕಾರಣಕ್ಕೆ ಆಗಲಿಲ್ಲ, ಅಥವಾ ಈ ಕೆಲಸ ಮಾಡಲಿಲ್ಲ’ ಎಂಬ ಆಯ್ಕೆಯೊಂದಿದೆ. ಆ ಉತ್ತರವನ್ನು ಲೆಕ್ಕಕ್ಕೆ ಹಿಡಿಯದೆ ಉಳಿದವುಗಳಿಂದ ಅಂಕ ಕಟ್ಟುತ್ತಾರೆ. ಮಂಡಿನೋವಿನಿಂದ ಮೆಟ್ಟಿಲು ಹತ್ತದವರ ವಿಷಯದಲ್ಲಿ ಇದು ನ್ಯಾಯವೇ. ಆದರೆ ಹೃದಯಕ್ಕೆ ಹೆದರಿ ಮೆಟ್ಟಿಲನ್ನೇ ತೊರೆದವರು ಆ ಆಯ್ಕೆಗೆ ಗುರುತು ಹಾಕಿದರೆ, ಅವರ ಬಾಳಿನ ಒಂದು ದೊಡ್ಡ ನಷ್ಟ ಅಂಕದಿಂದ ಜಾರಿಹೋಗುತ್ತದೆ.

ಅಳತೆಗೋಲೇ ಒಳಗಿಂದೊಳಗೆ ಬದಲಾಗುವ ಇನ್ನೊಂದು ಬಗೆಯೂ ಇದೆ. ಆರು ತಿಂಗಳ ಹಿಂದೆ ‘ಚೆನ್ನಾಗಿದೆ’ ಎಂದರೆ ಎರಡು ಕಿಲೋಮೀಟರ್ ನಡೆಯುವುದಾಗಿದ್ದರೆ, ಈಗ ‘ಚೆನ್ನಾಗಿದೆ’ ಎಂದರೆ ಯಾರ ಸಹಾಯವಿಲ್ಲದೆ ಸ್ನಾನ ಮಾಡುವುದಾಗಿರಬಹುದು. ಎರಡೂ ಸಲ ಅಂಕ ಒಂದೇ ಬಂದೀತು. ಇದನ್ನು ಅಳತೆಯ ದೋಷವೆಂದು ತಿದ್ದಲು ಹೊರಡುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಕಳೆದುಕೊಂಡದ್ದರ ನಡುವೆ ಉಳಿದದ್ದರಲ್ಲಿ ನೆಮ್ಮದಿ ಕಂಡುಕೊಳ್ಳುವುದು ಮನುಷ್ಯನ ದೊಡ್ಡ ಶಕ್ತಿ. ಆ ನೆಮ್ಮದಿ ನಿಜವಾದದ್ದೇ, ಅದನ್ನು ಲೆಕ್ಕದಿಂದ ಕಳೆಯಲು ನಮಗೆ ಹಕ್ಕಿಲ್ಲ. ಆದರೆ ಚಿಕಿತ್ಸೆಯಿಂದ ಸರಿಪಡಿಸಬಹುದಾದ ನಷ್ಟಕ್ಕೂ ರೋಗಿ ಹೊಂದಿಕೊಂಡುಬಿಟ್ಟಿದ್ದರೆ, ಆ ಹೊಂದಾಣಿಕೆಯನ್ನು ಕಂಡು ನಾವು ತೃಪ್ತರಾಗಿ ಕೂರುವುದು ತಪ್ಪು. ಇವೆರಡರಲ್ಲಿ ಯಾವುದು ಯಾವುದೆಂದು ಅಂಕ ಹೇಳದು. ‘ಒಂದು ವರ್ಷದ ಹಿಂದೆ ಮಾಡುತ್ತಿದ್ದ, ಈಗ ಬಿಟ್ಟಿರುವ ಕೆಲಸ ಯಾವುದು?’ ಎಂದು ಬಾಯಿಬಿಟ್ಟು ಕೇಳಬೇಕಾಗುತ್ತದೆ.

ಅಂಕದಲ್ಲಿ ಎಷ್ಟು ಬದಲಾದರೆ ಅದು ನಿಜವಾದ ಬದಲಾವಣೆ? ಕ್ಯಾನ್ಸಾಸ್ ಪ್ರಶ್ನಾವಳಿಯಲ್ಲಿ ಐದು ಅಂಕಗಳ ವ್ಯತ್ಯಾಸವನ್ನು ರೋಗಿಗೆ ಅನುಭವಕ್ಕೆ ಬರುವ ಸಣ್ಣ ಬದಲಾವಣೆಯೆಂದೂ, ಹತ್ತನ್ನು ಮಧ್ಯಮವೆಂದೂ, ಇಪ್ಪತ್ತನ್ನು ದೊಡ್ಡದೆಂದೂ ಪರಿಗಣಿಸುವ ರೂಢಿಯಿದೆ. ಮಿನೆಸೋಟ ಪ್ರಶ್ನಾವಳಿಯಲ್ಲಿಯೂ ಐದನ್ನೇ ಕನಿಷ್ಠ ಗಡಿಯೆಂದು ಹಿಡಿಯುತ್ತಾರೆ. ಈ ಗಡಿಗಳು ಒಬ್ಬೊಬ್ಬ ರೋಗಿಗೆ ಅನ್ವಯಿಸುವಂಥವು. ಗುಂಪುಗಳ ಸರಾಸರಿಗೆ ಇವನ್ನೇ ಹಚ್ಚಿದರೆ ಪ್ರಮಾದವಾಗುತ್ತದೆ. 2009ರಲ್ಲಿ ಪ್ರಕಟವಾದ ಎಚ್‌ಎಫ್-ಆ್ಯಕ್ಷನ್ ಅಧ್ಯಯನವನ್ನೇ ತೆಗೆದುಕೊಳ್ಳಿ. 2,331 ರೋಗಿಗಳಲ್ಲಿ ಒಂದು ಗುಂಪಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಕ್ರಮಬದ್ಧ ವ್ಯಾಯಾಮದ ತರಬೇತಿ ಕೊಟ್ಟರು. ಮೂರು ತಿಂಗಳಲ್ಲಿ ಕ್ಯಾನ್ಸಾಸ್ ಪ್ರಶ್ನಾವಳಿಯಲ್ಲಿ ಅವರ ಅಂಕ ಸರಾಸರಿ 5.21ರಷ್ಟು ಏರಿತು, ಎಂದಿನ ಚಿಕಿತ್ಸೆ ಮಾತ್ರ ಪಡೆದವರದು 3.28ರಷ್ಟು. ವ್ಯತ್ಯಾಸ 1.93. ಐದಕ್ಕಿಂತ ಕಡಿಮೆಯಾದ್ದರಿಂದ ವ್ಯಾಯಾಮದಿಂದ ಪ್ರಯೋಜನವಿಲ್ಲವೆಂದು ತೀರ್ಮಾನಿಸುವುದು ಸುಲಭ. ಆದರೆ ಸರಾಸರಿಯೊಳಗೆ ಬಹಳಷ್ಟು ಸುಧಾರಿಸಿದವರೂ, ಇದ್ದಲ್ಲಿಯೇ ಇದ್ದವರೂ, ಹಿಂದೆ ಬಿದ್ದವರೂ ಒಟ್ಟಿಗೆ ಕರಗಿಹೋಗಿರುತ್ತಾರೆ. ಐದು ಅಂಕ ಏರಿದವರು ಈ ಗುಂಪಿನಲ್ಲಿ ಎಷ್ಟು, ಆ ಗುಂಪಿನಲ್ಲಿ ಎಷ್ಟು ಎಂದು ತಲೆ ಎಣಿಸಿ ಹೇಳಿದರೆ ಮಾತ್ರ ರೋಗಿಗೆ ಉಪಯೋಗವಾಗುವ ಉತ್ತರ ಸಿಗುತ್ತದೆ. ಇನ್ನೊಂದನ್ನೂ ಗಮನಿಸಿ: ಹೊಸ ಚಿಕಿತ್ಸೆ ಏನನ್ನೂ ಪಡೆಯದವರೂ ಮೂರು ಅಂಕ ಏರಿದ್ದಾರೆ. ಒಂದು ಅಧ್ಯಯನಕ್ಕೆ ಸೇರಿ, ಯಾರೋ ನಿಯಮಿತವಾಗಿ ವಿಚಾರಿಸತೊಡಗಿದರೆ ಮನುಷ್ಯನಿಗೆ ಹಿತವೆನಿಸುತ್ತದೆ. ಹೋಲಿಕೆಯ ಗುಂಪಿಲ್ಲದೆ ‘ನಮ್ಮ ಚಿಕಿತ್ಸೆಯಿಂದ ಜೀವನ ಗುಣಮಟ್ಟ ಸುಧಾರಿಸಿತು’ ಎನ್ನುವ ವರದಿಗಳನ್ನು ಎಚ್ಚರದಿಂದ ಓದಬೇಕಾದುದು ಇದಕ್ಕಾಗಿಯೇ.

ಈಗ, ಈ ಕ್ಷೇತ್ರದಲ್ಲಿ ನನ್ನನ್ನು ಅತ್ಯಂತ ಹೆಚ್ಚು ಕಾಡಿದ ಅಧ್ಯಯನಕ್ಕೆ ಬರುತ್ತೇನೆ. ವೆಸ್ನರಿನೋನ್ ಎಂಬ ಔಷಧಿಯನ್ನು ತೀವ್ರ ಹೃದಯ ವೈಫಲ್ಯವಿದ್ದ 3,833 ರೋಗಿಗಳಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು 1998ರಲ್ಲಿ ಪ್ರಕಟಿಸಿದರು. ದಿನಕ್ಕೆ 60 ಮಿಲಿಗ್ರಾಂ ಪಡೆದವರ ಜೀವನ ಗುಣಮಟ್ಟ ಎಂಟನೆಯ ವಾರದಲ್ಲಿಯೂ ಹದಿನಾರನೆಯ ವಾರದಲ್ಲಿಯೂ, ಔಷಧಿಯಿಲ್ಲದ ತೋರಿಕೆಯ ಗುಳಿಗೆ ಪಡೆದವರಿಗಿಂತ ಸ್ಪಷ್ಟವಾಗಿ ಉತ್ತಮವಾಗಿತ್ತು. ಅದೇ ಗುಂಪಿನಲ್ಲಿ ಶೇಕಡಾ 22.9ರಷ್ಟು ಜನ ತೀರಿಕೊಂಡರು. ತೋರಿಕೆಯ ಗುಳಿಗೆಯವರಲ್ಲಿ ಶೇಕಡಾ 18.9. ಹೆಚ್ಚಿನ ಸಾವುಗಳು ದಿಢೀರ್ ಸಾವುಗಳು; ಹೃದಯದ ಲಯ ತಪ್ಪಿದ್ದೇ ಕಾರಣವಿರಬೇಕೆಂದು ಸಂಶೋಧಕರು ಭಾವಿಸಿದರು. ರೋಗಿಗಳು ‘ಚೆನ್ನಾಗಿದ್ದೇನೆ’ ಎಂದದ್ದು ನಿಜ. ಆ ಔಷಧಿ ಅವರಲ್ಲಿ ಹೆಚ್ಚು ಜನರ ಪ್ರಾಣ ತೆಗೆಯುತ್ತಿದ್ದುದೂ ನಿಜ. ಜೀವನ ಗುಣಮಟ್ಟದ ಅಳತೆ ಎಷ್ಟೇ ನಿಖರವಾಗಿರಲಿ, ಆಯುಷ್ಯದ ಲೆಕ್ಕವನ್ನು ಪಕ್ಕದಲ್ಲಿಟ್ಟುಕೊಳ್ಳದೆ ಅದನ್ನು ಓದಬಾರದೆಂದು ಈ ಅಧ್ಯಯನ ತೋರಿಸಿತು.

ಆದರೆ ಚರ್ಚೆ ಅಲ್ಲಿಗೆ ಮುಗಿಯಲಿಲ್ಲ. ಆಯುಷ್ಯ ಕೊಂಚ ಕಡಿಮೆಯಾದರೂ ಸರಿ, ಇರುವಷ್ಟು ದಿನ ಉಸಿರಾಡುವಂತಾಗಲಿ ಎನ್ನುವ ರೋಗಿಯಿದ್ದರೆ, ಅವನಿಗೆ ಇಲ್ಲವೆನ್ನಲು ವೈದ್ಯರು ಯಾರು? ಈ ಪ್ರಶ್ನೆಯನ್ನು ರೋಗಿಗಳಿಗೇ ಹಾಕುವ ವಿಧಾನವೊಂದಿದೆ. ಈಗಿನ ಸ್ಥಿತಿಯಲ್ಲಿ ಎರಡು ವರ್ಷ ಬದುಕುವುದೋ, ಅಥವಾ ಪೂರ್ಣ ಆರೋಗ್ಯದಲ್ಲಿ ಅದಕ್ಕಿಂತ ಕಡಿಮೆ ಕಾಲ ಬದುಕುವುದೋ ಎಂದು ಕೇಳಿ, ಎಷ್ಟು ತಿಂಗಳನ್ನು ಬಿಟ್ಟುಕೊಡಲು ಸಿದ್ಧರೆಂದು ಕಂಡುಕೊಳ್ಳುತ್ತಾರೆ. ಮುಂದುವರಿದ ಹೃದಯ ವೈಫಲ್ಯವಿರುವವರಲ್ಲಿ ಬಂದ ಉತ್ತರಗಳು ನಡುವೆ ಎಲ್ಲೋ ಸೇರಿಕೊಳ್ಳದೆ ಎರಡು ತುದಿಗಳಲ್ಲಿ ಗುಂಪುಗೂಡಿದವು: ಒಂದು ದಿನವನ್ನೂ ಬಿಟ್ಟುಕೊಡುವುದಿಲ್ಲ ಎಂದವರು ಅನೇಕರು, ಉಳಿದ ಕಾಲದ ಹೆಚ್ಚಿನ ಪಾಲನ್ನು ಕೊಡಲು ಸಿದ್ಧರೆಂದವರೂ ಅನೇಕರು. ಯಾರು ಯಾವ ತುದಿಯಲ್ಲಿದ್ದಾರೆಂದು ಕಾಯಿಲೆಯ ತೀವ್ರತೆಯನ್ನು ನೋಡಿ ಊಹಿಸಲಾಗದು. ಒಬ್ಬರದೇ ಉತ್ತರ ಕಾಲದೊಂದಿಗೆ ಬದಲಾಗುವುದೂ ಉಂಟು. ಆಸ್ಪತ್ರೆಯ ಹಾಸಿಗೆಯಲ್ಲಿ ಹೇಳಿದ ಮಾತನ್ನು ಮನೆಗೆ ಮರಳಿ ಚೇತರಿಸಿಕೊಂಡ ಮೇಲೆ ಹೇಳದಿರಬಹುದು. ಹಾಗಾಗಿ ಇದನ್ನು ಒಮ್ಮೆ ಕೇಳಿ ಕಡತದಲ್ಲಿ ಬರೆದಿಟ್ಟು ಮರೆಯುವಂತಿಲ್ಲ.

ರೋಗಿಗೆ ಉತ್ತರಿಸಲಾಗದಿದ್ದಾಗ ಮನೆಯವರು ಉತ್ತರಿಸಬಹುದೇ? ಅನಿವಾರ್ಯವಾದಾಗ ಬಹುದು. ಕಣ್ಣಿಗೆ ಕಾಣುವ ಸಂಗತಿಗಳಲ್ಲಿ, ಅಂದರೆ ನಡಿಗೆ, ಸ್ನಾನ, ಊಟ ಇವುಗಳಲ್ಲಿ, ಮನೆಯವರ ಮಾತು ರೋಗಿಯ ಮಾತಿಗೆ ಹತ್ತಿರವಿರುತ್ತದೆ. ಮನಸ್ಸಿನ ವಿಷಯದಲ್ಲಿ ದೂರ ಸರಿಯುತ್ತದೆ, ಸಾಮಾನ್ಯವಾಗಿ ರೋಗಿಗಿಂತ ಮನೆಯವರೇ ಸ್ಥಿತಿಯನ್ನು ಹೆಚ್ಚು ಕೆಟ್ಟದ್ದಾಗಿ ಕಾಣುತ್ತಾರೆ. ಅಧ್ಯಯನಗಳಲ್ಲಿ ಇನ್ನೂ ಕಠಿಣವಾದ ಸಮಸ್ಯೆ, ಉತ್ತರ ಬಾರದಿರುವುದು. ಹಾಳೆ ತುಂಬಿ ಕೊಡದವರು ಹೆಚ್ಚಾಗಿ ತೀರಾ ಬಳಲಿದವರು, ತೀರಿಕೊಂಡವರಂತೂ ತುಂಬಲಾರರು. ಉಳಿದವರ ಸರಾಸರಿ ತೆಗೆದರೆ ವರ್ಷ ಕಳೆದಂತೆ ಎಲ್ಲರೂ ಸುಧಾರಿಸಿದಂತೆ ಕಾಣುತ್ತದೆ. ಇದನ್ನು ತಪ್ಪಿಸಲು ಕೆಲವರು ತೀರಿಕೊಂಡವರಿಗೆ ಅತ್ಯಂತ ಕೆಳಗಿನ ಅಂಕ ಕೊಟ್ಟು ಲೆಕ್ಕ ಹಾಕುತ್ತಾರೆ. ಸಾವಿಗೆ ಸೊನ್ನೆ ಅಂಕವೆನ್ನುವುದು ಸಮಾಧಾನಕರ ಪರಿಹಾರವಲ್ಲ. ಆದರೂ ಸತ್ತವರನ್ನು ಲೆಕ್ಕದಿಂದ ಬಿಡುವುದಕ್ಕಿಂತ ಅದು ಪ್ರಾಮಾಣಿಕವಾದುದು.

ಇಷ್ಟೆಲ್ಲ ಶ್ರಮದಿಂದ ರೂಪುಗೊಂಡ ಅಳತೆ ಇಂದಿಗೂ ಹೆಚ್ಚಾಗಿ ಬಳಕೆಯಾಗುತ್ತಿರುವುದು ಔಷಧ ಪ್ರಯೋಗಗಳಲ್ಲಿ, ಹೊರರೋಗಿ ವಿಭಾಗದಲ್ಲಿ ಅಲ್ಲ. ‘ಸಮಯವಿಲ್ಲ’ ಎಂಬುದು ಎಲ್ಲರೂ ಕೊಡುವ ಕಾರಣ. 12 ಪ್ರಶ್ನೆಗಳ ರೂಪವನ್ನು ರೋಗಿ ತನ್ನ ಸರದಿ ಕಾಯುವ ಹೊತ್ತಿನಲ್ಲಿ ಕೆಲವೇ ನಿಮಿಷಗಳಲ್ಲಿ ತುಂಬಬಹುದು. ಓದಲು ಬಾರದವರಿಗೆ ಬೇರೊಬ್ಬರು ಓದಿ ಹೇಳಬಹುದು, ಓದುವವರು ಉತ್ತರವನ್ನು ತಾವೇ ಸೂಚಿಸದಿದ್ದರೆ ಆಯಿತು. ನಿಜವಾದ ಅಡ್ಡಿ ಬೇರೆಯದೆಂದು ನನ್ನ ಅನಿಸಿಕೆ. ತುಂಬಿದ ಹಾಳೆಯನ್ನು ವೈದ್ಯರು ನೋಡುವುದೇ ಇಲ್ಲವೆಂದು ರೋಗಿಗೆ ಒಮ್ಮೆ ಮನವರಿಕೆಯಾದರೆ, ಮುಂದಿನ ಸಲ ಎಲ್ಲ ಪ್ರಶ್ನೆಗೂ ನಡುವಿನ ಖಾನೆಗೇ ಗುರುತು ಹಾಕಿ ಕೊಟ್ಟುಬಿಡುತ್ತಾರೆ. ಕಳೆದ ಸಲ 68 ಇದ್ದ ಅಂಕ ಈ ಸಲ 52 ಆಗಿದ್ದರೆ, ತೂಕ ಮತ್ತು ರಕ್ತದೊತ್ತಡ ಸರಿಯಿದ್ದರೂ, ‘ಈ ನಡುವೆ ಏನಾಯಿತು?’ ಎಂದು ಕೇಳುವ ವೈದ್ಯರಿರಬೇಕು. ಉತ್ತರ ಕೆಲವೊಮ್ಮೆ ಶ್ವಾಸಕೋಶದಲ್ಲಿ ಸೇರತೊಡಗಿದ ನೀರು. ಕೆಲವೊಮ್ಮೆ ಹೊಸ ಗುಳಿಗೆಯಿಂದ ಬರುವ ತಲೆಸುತ್ತು. ಕೆಲವೊಮ್ಮೆ ಸಂಗಾತಿಯ ಅಗಲಿಕೆ. ಮೂರಕ್ಕೂ ಅಂಕ ಒಂದೇ, ಮಾಡಬೇಕಾದದ್ದು ಬೇರೆ ಬೇರೆ.

ಹಾಳೆ ನನ್ನ ಕೈಗೆ ಬಂದಾಗ ನಾನು ಮೊತ್ತವನ್ನು ನೋಡುವ ಮೊದಲು ಖಾಲಿ ಬಿಟ್ಟ ಪ್ರಶ್ನೆಗಳನ್ನು ನೋಡುತ್ತೇನೆ. ಮಿನೆಸೋಟ ಪ್ರಶ್ನಾವಳಿಯಲ್ಲಿ ಲೈಂಗಿಕ ಜೀವನದ ಬಗ್ಗೆ ಒಂದು ಪ್ರಶ್ನೆಯಿದೆ. ಕ್ಯಾನ್ಸಾಸ್ ಪ್ರಶ್ನಾವಳಿಯಲ್ಲಿ ಆಪ್ತ ಸಂಬಂಧಗಳ ಬಗ್ಗೆ ಒಂದಿದೆ. ಬಹಳ ಜನ ಉತ್ತರಿಸದೆ ಬಿಡುವುದು ಇವನ್ನೇ. ಅಂಕಿ ಅಂಶಗಳ ವಿಶ್ಲೇಷಣೆ ಮಾಡುವವರಿಗೆ ಅದು ಸಿಗದೆ ಹೋದ ಒಂದು ಮಾಹಿತಿ, ಉಳಿದ ಉತ್ತರಗಳಿಂದ ಸರಿದೂಗಿಸಿಕೊಳ್ಳಬಹುದಾದ ಕೊರತೆ. ರೋಗಿಯ ಎದುರಿಗೆ ಕುಳಿತವರಿಗೆ ಹಾಗಲ್ಲ. ಕೆಲವು ಔಷಧಿಗಳಿಂದ ಆ ತೊಂದರೆ ಆಗಬಹುದು, ಬದಲಿ ಔಷಧಿಯೂ ಇರಬಹುದು. ಕೇಳಲು ಸಂಕೋಚಪಟ್ಟು, ಯಾರಿಗೂ ಹೇಳದೆ ಗುಳಿಗೆಯನ್ನೇ ನಿಲ್ಲಿಸುವವರಿದ್ದಾರೆ. ಮೆಟ್ಟಿಲಿನ ಪ್ರಶ್ನೆಯನ್ನು ಖಾಲಿ ಬಿಟ್ಟವರು ಮೆಟ್ಟಿಲನ್ನೇ ಬಿಟ್ಟಿರಬಹುದು. ಮುಂದಿನ ದಿನಗಳ ಬಗೆಗಿನ ಪ್ರಶ್ನೆಯನ್ನು ಖಾಲಿ ಬಿಟ್ಟವರು ಅದಕ್ಕೆ ಉತ್ತರಿಸಲು ಹೆದರಿರಬಹುದು. ಬಾಗಿಲು ಮುಂದೆ ಮಾಡಿ, ಜೊತೆಗೆ ಬಂದವರನ್ನು ಒಂದು ಕ್ಷಣ ಹೊರಗೆ ಕೂರಲು ಹೇಳಿ, ‘ಇದೊಂದನ್ನು ಹಾಗೆಯೇ ಬಿಟ್ಟಿದ್ದೀರಲ್ಲ’ ಎಂದು ಬೆರಳಿಟ್ಟು ತೋರಿಸಿ, ಆಮೇಲೆ ಅವರು ಮಾತನಾಡುವವರೆಗೆ ಕಾಯುತ್ತೇನೆ.